ದೀಪದ ಚುಕ್ಕೆ ಉದ್ದವಾಗಿ ಕಂಡಾಗ

ಕಣ್ಣಿನ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಕೆಲವರಿಗೆ ‘ಸಿಲಿಂಡರ್’ ಎಂಬ ಅಂಕಿಯೂ ಇರುತ್ತದೆ. ಅದೇನೆಂದು ಕೇಳುವವರು ಕಡಿಮೆ. ಈ ಅಂಕಿಯ ಹಿಂದೆ ತಮ್ಮ ಕಣ್ಣನ್ನೇ ಪ್ರಯೋಗಕ್ಕೆ ಒಡ್ಡಿದ ಇಬ್ಬರ ಕಥೆಯಿದೆ.

ಮೊದಲನೆಯವರು ಇಂಗ್ಲೆಂಡಿನ ವೈದ್ಯ ಹಾಗೂ ಭೌತವಿಜ್ಞಾನಿ ಥಾಮಸ್ ಯಂಗ್. ತಮ್ಮ ಕಣ್ಣಿನಲ್ಲಿ ಲಂಬ ಕಿರಣಗಳು ಕೂಡುವ ದೂರವೂ ಅಡ್ಡ ಕಿರಣಗಳು ಕೂಡುವ ದೂರವೂ ಬೇರೆ ಬೇರೆ ಎಂಬುದನ್ನು ಅವರು ಕಂಡುಕೊಂಡರು. ಒಂದಕ್ಕೆ 10 ಅಂಗುಲ, ಇನ್ನೊಂದಕ್ಕೆ 7. ದೋಷ ಇರುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದಲ್ಲೋ, ಒಳಗಿನ ಮಸೂರದಲ್ಲೋ? ಇದನ್ನು ತಿಳಿಯಲು ಯಂಗ್ ನೀರು ತುಂಬಿದ ಪುಟ್ಟ ಕೊಳವೆಯನ್ನು ಕಣ್ಣಿಗೆ ಒತ್ತಿಕೊಂಡರು. ನೀರು ತಾಗಿದಾಗ ಕಾರ್ನಿಯಾ ಬೆಳಕನ್ನು ಬಾಗಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಆದರೂ ದೋಷ ಹೋಗಲಿಲ್ಲ. ಹಾಗಾಗಿ ಮಸೂರವೇ ಕಾರಣವೆಂದು 1801ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ತೀರ್ಮಾನಿಸಿದರು. ಇದರಿಂದ ತಮಗೇನೂ ತೊಂದರೆಯಾಗಿಲ್ಲ ಎಂದೂ ಹೇಳಿದರು. ಪರಿಹಾರದ ಯೋಚನೆ ಅಲ್ಲಿಗೇ ನಿಂತಿತು.

ತೊಂದರೆ ಅನುಭವಿಸಿದವರು ಕೇಂಬ್ರಿಜ್‌ನ ತರುಣ ಜಾರ್ಜ್ ಏರಿ, ಮುಂದೆ ಬ್ರಿಟನ್ನಿನ ರಾಜ ಖಗೋಳಜ್ಞರಾದವರು. ಓದುವಾಗ ತಮ್ಮ ಎಡಗಣ್ಣು ಕೆಲಸವನ್ನೇ ಮಾಡುತ್ತಿಲ್ಲವೆಂಬುದು ಅವರ ಗಮನಕ್ಕೆ ಬಂತು. ದೂರದ ದೀಪ ಆ ಕಣ್ಣಿಗೆ ದುಂಡಗೆ ಕಾಣದೆ ಓರೆಯಾಗಿ ಎಳೆದಂತೆ ಕಾಣುತ್ತಿತ್ತು. ಕಾಗದದಲ್ಲಿ ಸೂಜಿಯಿಂದ ರಂಧ್ರ ಮಾಡಿ, ಆ ಚುಕ್ಕೆ ಗೆರೆಯಾಗುವ ದೂರಗಳನ್ನು ಏರಿ ಅಳೆದರು. ಆ ಲೆಕ್ಕದಂತೆ ಒಂದು ಬದಿ ಗೋಳಾಕಾರ, ಇನ್ನೊಂದು ಬದಿ ಸಿಲಿಂಡರಿನ ಆಕಾರದಲ್ಲಿ ತಗ್ಗಾಗಿರುವ ಮಸೂರವನ್ನು ಇಪ್ಸ್‌ವಿಚ್ ಊರಿನ ಕುಶಲಕರ್ಮಿ ಫುಲ್ಲರ್ ಉಜ್ಜಿಕೊಟ್ಟರು. ಎಡಗಣ್ಣು ಸಣ್ಣ ಅಕ್ಷರಗಳನ್ನೂ ಓದತೊಡಗಿತು. 1825ರಲ್ಲಿ ಏರಿ ಈ ವಿಷಯ ಮಂಡಿಸಿದರು. ‘ಚುಕ್ಕೆಯಿಲ್ಲದ್ದು’ ಎಂಬರ್ಥದ ಗ್ರೀಕ್ ಮೂಲದಿಂದ ‘ಅಸ್ಟಿಗ್ಮ್ಯಾಟಿಸಂ’ ಎಂಬ ಹೆಸರು ಕೊಟ್ಟವರು ಅಲ್ಲಿನವರೇ ಆದ ವಿಲಿಯಂ ಹ್ಯೂಯೆಲ್.

ಆದರೂ ಇದು ಅಪರೂಪದ ವಿಚಿತ್ರವೆಂದೇ ಬಹುಕಾಲ ಭಾವಿಸಲಾಗಿತ್ತು. ಹಾಲೆಂಡಿನ ಉಟ್ರೆಕ್ಟ್‌ನ ವೈದ್ಯ ಫ್ರಾನ್ಸ್ ಡಾಂಡರ್ಸ್ 1860ರ ದಶಕದಲ್ಲಿ ಅನೇಕರ ಕಣ್ಣುಗಳನ್ನು ಪರೀಕ್ಷಿಸಿ, ಇದು ಸರ್ವೇಸಾಮಾನ್ಯವೆಂದೂ, ಹೆಚ್ಚಿನವರಲ್ಲಿ ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಸಮನಾಗಿರದಿರುವುದೇ ಕಾರಣವೆಂದೂ ತೋರಿಸಿದರು. ಯಂಗ್ ಹೇಳಿದ್ದು ಅವರ ಕಣ್ಣಿನ ಮಟ್ಟಿಗೆ ಸರಿ. ಎಲ್ಲರ ಕಣ್ಣಿಗೂ ಅಲ್ಲ.

ಈ ವಕ್ರತೆ ಎಷ್ಟೋ ಜನರಿಗೆ ಹುಟ್ಟಿನಿಂದಲೇ ಇರುತ್ತದೆ. ಕೆಲವರಿಗೆ ಪೆಟ್ಟು, ಶಸ್ತ್ರಚಿಕಿತ್ಸೆಗಳಿಂದ ಬರಬಹುದು. ಮಂದ ಬೆಳಕಿನಲ್ಲಿ ಓದುವುದರಿಂದ ಬರುತ್ತದೆಂಬ ಮಾತಿಗೆ ಆಧಾರವಿಲ್ಲ. ಆದರೆ ಕಣ್ಣನ್ನು ಪದೇ ಪದೇ ಬಲವಾಗಿ ಉಜ್ಜುವ ಅಭ್ಯಾಸಕ್ಕೂ, ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಬರುವ ಕಾಯಿಲೆಗೂ ನಂಟಿದೆಯೆಂದು ವೈದ್ಯರು ಎಚ್ಚರಿಸುತ್ತಾರೆ.

ಏರಿ ತಮ್ಮ ಒಂದು ಕಣ್ಣನ್ನು ಮುಚ್ಚಿ ನೋಡಿದ್ದರಿಂದ ದೋಷ ಗೊತ್ತಾಯಿತು. ಹುಟ್ಟಿದಾಗಿನಿಂದ ಮಸುಕನ್ನೇ ಕಂಡ ಮಗುವಿಗೆ ಲೋಕ ಹಾಗೆಯೇ ಇದೆಯೆಂದು ಅನ್ನಿಸುತ್ತದೆ, ಅದು ದೂರುವುದಿಲ್ಲ. ಎಳವೆಯಲ್ಲಿ ತಿದ್ದದಿದ್ದರೆ ಆ ಕಣ್ಣು ಶಾಶ್ವತವಾಗಿ ಮಂದವಾಗಬಹುದು. ಕರಿಹಲಗೆಯ ಅಕ್ಷರ ತಪ್ಪಾಗಿ ಬರೆದುಕೊಳ್ಳುವ ಮಗುವನ್ನು ಗದರಿಸುವ ಮುನ್ನ ಒಮ್ಮೆ ಕಣ್ಣು ಪರೀಕ್ಷಿಸುವುದು ಒಳ್ಳೆಯದು.