ಪ್ರೊಸೆಸರಿನ ಹೊಸ ಸೂಚನೆಗಳು, ವಿದ್ಯುತ್ ಬಳಕೆ ಮತ್ತು ಶಾಖ: ಸಾರ್ವಜನಿಕರಿಗೆ ಮಾಹಿತಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದಲ್ಲಿ ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಮೊದಲಾದ ಸೇವೆಗಳಿಗೆ ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸಲಾಗುತ್ತಿದೆ. ಮನೆಯಿಂದಲೇ ಅರ್ಜಿ ಸಲ್ಲಿಸುವವರು ಹಾಗೂ ಸೇವಾ ಕೇಂದ್ರ ನಡೆಸಲು ಇಚ್ಛಿಸುವವರು ಗಣಕಯಂತ್ರ ಕೊಳ್ಳುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ಸೂಚನೆ ಎಂದರೇನು?

ಕೂಡು, ಹೋಲಿಸು, ನೆನಪಿನಿಂದ ತೆಗೆದುಕೋ ಎಂಬಂತಹ ಮೂಲ ಕೆಲಸಗಳಿಗೆ ಪ್ರೊಸೆಸರ್ ಅರಿಯುವ ಸಂಕೇತವೇ ಸೂಚನೆ. ಹಲವು ಸಣ್ಣ ಸೂಚನೆಗಳ ಕೆಲಸವನ್ನು ಒಂದೇ ಸೂಚನೆಯಿಂದ ಮುಗಿಸುವ ಏರ್ಪಾಡುಗಳನ್ನು ತಯಾರಕರು ಕಾಲಕಾಲಕ್ಕೆ ಸೇರಿಸಿದ್ದಾರೆ. ಉದಾಹರಣೆಗೆ, ಅರ್ಜಿಯ ವಿವರಗಳನ್ನು ಗೂಢಲಿಪಿಗೆ ಪರಿವರ್ತಿಸಲು ನೆರವಾಗುವ ಎ.ಇ.ಎಸ್. ಸೂಚನೆಗಳು ಇಂಟೆಲ್ ಪ್ರೊಸೆಸರುಗಳಲ್ಲಿ 2010ರಲ್ಲಿ ಬಂದವು.

2. ಹೊಸ ಸೂಚನೆಗಳಿಂದ ವಿದ್ಯುತ್ ಬಳಕೆ ಹೆಚ್ಚುವುದೇ?

ಕೆಲಸ ನಡೆಯುವ ಕ್ಷಣದಲ್ಲಿ ಹೆಚ್ಚಬಹುದು. ಆದರೆ ಇಡೀ ಕೆಲಸಕ್ಕೆ ತಗಲುವ ವಿದ್ಯುತ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಒಂದು ಲೆಕ್ಕವನ್ನು ಗಮನಿಸಿ. 60 ವ್ಯಾಟ್ ಬಳಸಿ 20 ಸೆಕೆಂಡುಗಳಲ್ಲಿ ಮುಗಿಯುವ ಕೆಲಸಕ್ಕೆ 1,200 ಜೂಲ್ ಬೇಕು. ಹೊಸ ಸೂಚನೆಯಿಂದ ಅದೇ ಕೆಲಸ 75 ವ್ಯಾಟ್‌ನಲ್ಲಿ 8 ಸೆಕೆಂಡುಗಳಿಗೆ ಮುಗಿದರೆ 600 ಜೂಲ್ ಸಾಕು. ಪ್ರೊಸೆಸರ್ ಬಳಸಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗುವುದರಿಂದ ಒಟ್ಟು ಶಾಖವೂ ಅರ್ಧಕ್ಕಿಳಿಯುತ್ತದೆ.

ಒಮ್ಮೆಗೆ ಬಹಳ ಅಂಕಿಗಳನ್ನು ಸಂಸ್ಕರಿಸುವ ಎ.ವಿ.ಎಕ್ಸ್. ಸೂಚನೆಗಳು ಇದಕ್ಕಿಂತ ಭಾರವಾದವು. ಇವು ನಡೆಯುವಾಗ ಶಾಖ ಮಿತಿಮೀರದಂತೆ ಕೆಲವು ಪ್ರೊಸೆಸರುಗಳು ತಮ್ಮ ವೇಗವನ್ನು ತಾವೇ ತಗ್ಗಿಸುತ್ತವೆ. 2014ರ ಒಂದು ಜಿಯಾನ್ ಮಾದರಿಗೆ ಸಾಮಾನ್ಯ ಮೂಲವೇಗ 2.3 ಗಿಗಾಹರ್ಟ್ಸ್ ಎಂದೂ ಈ ಸೂಚನೆಗಳಿಗೆ 1.9 ಗಿಗಾಹರ್ಟ್ಸ್ ಎಂದೂ ನಿಗದಿಯಾಗಿತ್ತು. ಅರ್ಜಿ ತುಂಬುವ ಕೆಲಸದಲ್ಲಿ ಇಂತಹ ಭಾರ ಬೀಳುವುದು ವಿರಳ.

3. ಶಾಖಕ್ಕೆ ಮುಖ್ಯ ಕಾರಣ ಯಾವುದು?

ಪ್ರೊಸೆಸರಿನ ವೇಗ, ಅದಕ್ಕೆ ಒದಗಿಸುವ ವೋಲ್ಟೇಜ್ ಮತ್ತು ತಯಾರಿಕಾ ತಂತ್ರ ಮುಖ್ಯ ಕಾರಣಗಳು. ವೋಲ್ಟೇಜ್ ಏರಿದರೆ ವಿದ್ಯುತ್ ಬಳಕೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. 2004ರ 3.8 ಗಿಗಾಹರ್ಟ್ಸ್ ಪೆಂಟಿಯಂ 4ರ ಶಾಖಮಿತಿ 115 ವ್ಯಾಟ್ ಇತ್ತು. ಅದಕ್ಕಿಂತ ಹೆಚ್ಚು ಸೂಚನೆಗಳನ್ನು ಅರಿಯುತ್ತಿದ್ದ 2006ರ ಕೋರ್ 2 ಡ್ಯುಯೊ ಇ6600ರ ಶಾಖಮಿತಿ ಕೇವಲ 65 ವ್ಯಾಟ್. ಆದ್ದರಿಂದ ಸೂಚನೆಗಳು ಹೆಚ್ಚಾದಂತೆ ಶಾಖವೂ ಹೆಚ್ಚುತ್ತದೆ ಎಂಬ ಭಾವನೆ ಸರಿಯಲ್ಲ.

4. ಬೇಸಿಗೆಯಲ್ಲಿ ವಹಿಸಬೇಕಾದ ಎಚ್ಚರಿಕೆ

ಕೊಠಡಿಯ ಉಷ್ಣಾಂಶ 10 ಡಿಗ್ರಿ ಏರಿದರೆ ಪ್ರೊಸೆಸರಿನ ಉಷ್ಣಾಂಶವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮಿತಿ ದಾಟಿದಾಗ ಯಂತ್ರ ಮೊದಲು ನಿಧಾನವಾಗುತ್ತದೆ. ಇನ್ನೂ ಏರಿದರೆ ತಾನಾಗಿಯೇ ನಿಲ್ಲುತ್ತದೆ. ಆಗ ಉಳಿಸದೆ ಇದ್ದ ಅರ್ಜಿಯನ್ನು ಮತ್ತೆ ಮೊದಲಿನಿಂದ ತುಂಬಬೇಕಾಗುತ್ತದೆ. ಆದುದರಿಂದ:

ಅ) ಎರೆ ಮಣ್ಣಿನ ಧೂಳು, ಮಗ್ಗಗಳಿರುವ ಕಡೆ ನೂಲಿನ ಎಳೆಗಳು ಫ್ಯಾನಿಗೆ ಮೆತ್ತಿಕೊಳ್ಳದಂತೆ ಯಂತ್ರವನ್ನು ಆಗಾಗ ಸ್ವಚ್ಛಗೊಳಿಸಬೇಕು. ಸ್ವಚ್ಛಗೊಳಿಸುವ ಮುನ್ನ ವಿದ್ಯುತ್ ಸಂಪರ್ಕ ತೆಗೆಯಬೇಕು.

ಆ) ಯಂತ್ರದ ಹಿಂಬದಿ ಗೋಡೆಗೆ ತಾಗದಂತೆ ಗಾಳಿಯಾಡಲು ಜಾಗ ಬಿಡಬೇಕು.

ಇ) ಯು.ಪಿ.ಎಸ್. ಆರಿಸುವಾಗ ಸರಾಸರಿ ಬಳಕೆಯನ್ನಲ್ಲ, ಗರಿಷ್ಠ ಬಳಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಮಾನ್ಯ 600 ವಿ.ಎ. ಯು.ಪಿ.ಎಸ್. ಸುಮಾರು 360 ವ್ಯಾಟ್ ಭಾರವನ್ನಷ್ಟೇ ತಾಳಬಲ್ಲದು. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬಾರದು.

5. ಹಳೆಯ ಯಂತ್ರ ಕೊಳ್ಳುವವರ ಗಮನಕ್ಕೆ

ಎ.ಇ.ಎಸ್. ಸೂಚನೆಗಳು 2010ರ ನಂತರವೂ ಕೆಲವು ಅಗ್ಗದ ಮಾದರಿಗಳಲ್ಲಿ ಇರಲಿಲ್ಲ. ಅಂತಹ ಯಂತ್ರ ಅದೇ ಕೆಲಸಕ್ಕೆ ಹೆಚ್ಚು ಹೊತ್ತು ದುಡಿಯಬೇಕಾಗುತ್ತದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ರ 2024ರ ಆವೃತ್ತಿಯು ಎಸ್.ಎಸ್.ಇ. 4.2 ಸೂಚನೆಗಳಿಲ್ಲದ ಪ್ರೊಸೆಸರಿನಲ್ಲಿ ಆರಂಭವಾಗುವುದೇ ಇಲ್ಲ. ಕೋರ್ 2 ಡ್ಯುಯೊ ಈ ಸಾಲಿಗೆ ಸೇರಿದೆ. ಆದಕಾರಣ ಬೆಲೆಯೊಂದನ್ನೇ ನೋಡದೆ, ಪ್ರೊಸೆಸರಿನ ಮಾದರಿ ಸಂಖ್ಯೆ, ಶಾಖಮಿತಿ ಮತ್ತು ಅದು ಅರಿಯುವ ಸೂಚನೆಗಳನ್ನು ತಯಾರಕರ ವಿವರಪಟ್ಟಿಯಲ್ಲಿ ಪರಿಶೀಲಿಸಿಕೊಂಡು ಖರೀದಿಸಲು ಸಾರ್ವಜನಿಕರನ್ನು ಕೋರಲಾಗಿದೆ.