ಮಾಸ್ಕ್ಸ್: ಎ ನ್ಯೂ ಜನರೇಷನ್

ಹದಿಹರೆಯದ ಸೂಪರ್‌ಹೀರೋಗಳ ಕಥೆಯನ್ನು ಆಟಗಾರರು ಮಾತಿನಲ್ಲೇ ಕೂಡಿ ಕಟ್ಟುವ, ಅಮೆರಿಕದ ರೋಲ್‌ಪ್ಲೇಯಿಂಗ್ ಆಟ. ಕರ್ತೃ ಬ್ರೆಂಡನ್ ಕಾನ್ವೇ, ಪ್ರಕಾಶಕರು ಮ್ಯಾಗ್‌ಪೈ ಗೇಮ್ಸ್. 2015ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಸಂಗ್ರಹಿಸಿ, 2016ರಲ್ಲಿ ಹೊರತರಲಾಯಿತು. ಇದಕ್ಕೆ ಹಾಸೂ ಬೇಡ, ಕಾಯಿಗಳೂ ಬೇಡ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬರು ಸೂತ್ರಧಾರರಾದರೆ ಉಳಿದವರು ತಲಾ ಒಬ್ಬ ಎಳೆಯ ವೀರನ ಅಥವಾ ವೀರೆಯ ಪಾತ್ರ ವಹಿಸುತ್ತಾರೆ. ಕಥೆ ನಡೆಯುವುದು ಹ್ಯಾಲ್ಸಿಯನ್ ಸಿಟಿ ಎಂಬ ಕಲ್ಪಿತ ನಗರದಲ್ಲಿ. ಹಿಂದಿನ ಮೂರು ತಲೆಮಾರುಗಳ ಸೂಪರ್‌ಹೀರೋಗಳು ಅಲ್ಲಿ ಆಗಲೇ ಹೆಸರು ಮಾಡಿದ್ದಾರೆ.

ಹಿನ್ನೆಲೆ

ಕಾಮಿಕ್ಸ್ ಲೋಕಕ್ಕೆ ಹದಿಹರೆಯದ ವೀರರು ಹೊಸಬರಲ್ಲ. ಸ್ಪೈಡರ್‌ಮ್ಯಾನ್ 1962ರಲ್ಲೂ ಟೀನ್ ಟೈಟನ್ಸ್ ತಂಡದ ಮೊದಲ ರೂಪ 1964ರಲ್ಲೂ ಕಾಣಿಸಿಕೊಂಡವು. ಆದರೆ ಮೇಜಿನಾಟಗಳು ಬಹುಕಾಲ ಅಳೆದದ್ದು ವೀರರ ಬಲವನ್ನು, ವಯಸ್ಸಿನ ತಳಮಳವನ್ನಲ್ಲ. 1981ರ ಚಾಂಪಿಯನ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಪ್ರತಿ ಶಕ್ತಿಗೂ ಅಂಕಗಳ ಬೆಲೆ ಕಟ್ಟಲಾಗಿತ್ತು. ಹನ್ನೆರಡು ಸೆಕೆಂಡುಗಳ ಕಾಳಗವನ್ನು ಹನ್ನೆರಡು ತುಣುಕು ಮಾಡಿ, ಯಾರು ಯಾವ ತುಣುಕಿನಲ್ಲಿ ಕೈ ಎತ್ತಬಹುದೆಂಬುದನ್ನು ಪಟ್ಟಿ ನೋಡಿ ಹೇಳಬೇಕಿತ್ತು. ಲೆಕ್ಕದಲ್ಲಿ ಅದು ಅಚ್ಚುಕಟ್ಟು. ಆದರೆ ಅಪ್ಪನೆದುರು ನಾಲಿಗೆ ಕಟ್ಟುವ ಹುಡುಗನಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ದಾರಿ ಬದಲಾದದ್ದು 2010ರಲ್ಲಿ, ವಿನ್ಸೆಂಟ್ ಬೇಕರ್ ಮತ್ತು ಮೆಗ್ವೀ ಬೇಕರ್ ಅವರ ಅಪಾಕಲಿಪ್ಸ್ ವರ್ಲ್ಡ್ ಬಂದಾಗ. ಆರು ಮುಖದ ಎರಡು ದಾಳ ಉರುಳಿಸಿ, ಪಾತ್ರದ ಒಂದು ಗುಣಾಂಕವನ್ನು ಕೂಡಿಸುವುದು ಅದರ ಕ್ರಮ. ಮೊತ್ತ 10 ಅಥವಾ ಹೆಚ್ಚಾದರೆ ಗೆಲುವು. 7ರಿಂದ 9ರವರೆಗೆ ಬಂದರೆ ಬೆಲೆ ತೆತ್ತು ಪಡೆದ ಗೆಲುವು. ಅದಕ್ಕೂ ಕಡಿಮೆಯಾದರೆ ಮುಂದಿನ ಮಾತು ಸೂತ್ರಧಾರರದು. ಏವರಿ ಆಲ್ಡರ್ ಅವರ ಮಾನ್‌ಸ್ಟರ್‌ಹಾರ್ಟ್ಸ್ (2012) ಇದೇ ಚೌಕಟ್ಟನ್ನು ಹದಿಹರೆಯದವರ ಕಡೆಗೆ ತಿರುಗಿಸಿತು. ಮಾಸ್ಕ್ಸ್‌ನದೂ ಇದೇ ವಂಶ.

ಹಣೆಪಟ್ಟಿಗಳು

ಈ ಆಟದ ನಿಜವಾದ ಶೋಧ ಇಲ್ಲಿದೆ. ಪಾತ್ರದ ಗುಣಾಂಕಗಳು ಬಲ, ಚುರುಕು, ಬುದ್ಧಿಗಳಲ್ಲ. ಅವು ಐದು ಲೇಬಲ್‌ಗಳು, ಎಂದರೆ ಹಣೆಪಟ್ಟಿಗಳು: ಅಪಾಯಕಾರಿ ಎನ್ನುವ ಡೇಂಜರ್, ವಿಲಕ್ಷಣ ಎನ್ನುವ ಫ್ರೀಕ್, ರಕ್ಷಕ ಎನ್ನುವ ಸೇವಿಯರ್, ಎಲ್ಲರಿಗಿಂತ ಮೇಲು ಎನ್ನುವ ಸುಪೀರಿಯರ್, ಎಲ್ಲರಂತೆ ಸಾಮಾನ್ಯ ಎನ್ನುವ ಮಂಡೇನ್. ಪ್ರತಿಯೊಂದೂ ಋಣ 2ರಿಂದ ಧನ 3ರ ನಡುವೆ ಓಲಾಡುತ್ತದೆ. ವೈರಿಯ ಮೇಲೆ ನೇರ ಎರಗಲು ಡೇಂಜರ್ ಬೇಕು, ಇನ್ನೊಬ್ಬರನ್ನು ಕಾಯಲು ಸೇವಿಯರ್, ಸಂತೈಸಲು ಮಂಡೇನ್.

ಈ ಅಂಕಗಳನ್ನು ಇತರರ ಮಾತು ಅಲುಗಿಸಬಲ್ಲದು. ಯಾರಿಗೆ ಪಾತ್ರದ ಮೇಲೆ ಪ್ರಭಾವವಿದೆಯೋ ಅವರು ‘ನೀನು ಇಂಥವಳು’ ಎಂದರೆ ಒಂದು ಲೇಬಲ್ ಏರಿ ಇನ್ನೊಂದು ಇಳಿಯುತ್ತದೆ. ಬಸ್ಸಿನಲ್ಲಿದ್ದವರನ್ನೆಲ್ಲ ಉಳಿಸಿದ ಹುಡುಗಿಗೆ ಹಿರಿಯ ವೀರನೊಬ್ಬ ಬಂದು, ‘ನೀನು ಮುರಿದ ಸೇತುವೆ ನೋಡು’ ಎಂದನೆನ್ನಿ. ಡೇಂಜರ್ ಒಂದು ಮೇಲೇರುತ್ತದೆ, ಸೇವಿಯರ್ ಒಂದು ಕೆಳಗಿಳಿಯುತ್ತದೆ. ಮರುಗಳಿಗೆಯಿಂದಲೇ ಅವಳಿಗೆ ಹೊಡೆಯುವುದು ಸುಲಭ, ಕಾಯುವುದು ಕಷ್ಟ. ಆರಂಭದಲ್ಲಿ ವಯಸ್ಕರೆಲ್ಲರಿಗೂ ಎಳೆಯರ ಮೇಲೆ ಈ ಪ್ರಭಾವ ಇದ್ದೇ ಇರುತ್ತದೆ. ಅದನ್ನು ಧಿಕ್ಕರಿಸಲೂಬಹುದು, ದಾಳ ಕೈಕೊಟ್ಟರೆ ಮಾತು ಇನ್ನೂ ಆಳಕ್ಕೆ ನಾಟುತ್ತದೆ. ಬೆಳೆಯುವ ವಯಸ್ಸಿನ ಬಗ್ಗೆ ಇಷ್ಟು ನಿಖರವಾದ ನಿಯಮವನ್ನು ಬೇರೆ ಮೇಜಿನಾಟದಲ್ಲಿ ಕಾಣುವುದು ವಿರಳ.

ಪೆಟ್ಟಿನ ಲೆಕ್ಕವೂ ಮೈಯದಲ್ಲ, ಮನಸ್ಸಿನದು. ಭಯ, ಸಿಟ್ಟು, ಅಪರಾಧಪ್ರಜ್ಞೆ, ಹತಾಶೆ, ಕೀಳರಿಮೆ ಎಂಬ ಐದು ಸ್ಥಿತಿಗಳಿವೆ. ಸಿಟ್ಟಾದವರು ಸಂತೈಸಲು ಹೋದರೆ ಗರದಲ್ಲಿ 2 ಕಳೆಯಬೇಕು. ಆ ಸಿಟ್ಟು ಇಳಿಯುವುದು ಯಾರನ್ನಾದರೂ ನೋಯಿಸಿದಾಗ ಅಥವಾ ಮುಖ್ಯವಾದದ್ದೇನನ್ನಾದರೂ ಮುರಿದಾಗ. ಭಯ ನೀಗಲು ಕಷ್ಟವೊಂದರಿಂದ ಓಡಿಹೋಗಬೇಕು. ಹೀಗೆ ಒಂದು ನೋವಿನ ಪರಿಹಾರ ಮುಂದಿನ ದೃಶ್ಯದ ಸಮಸ್ಯೆಯಾಗುತ್ತದೆ. ಖಳರಿಗೂ ಇವೇ ಸ್ಥಿತಿಗಳು. ಭಾರಿ ಪೆಟ್ಟು ಬಿದ್ದಾಗ ಗರದ ಅರ್ಥ ತಲೆಕೆಳಗಾಗುತ್ತದೆ: ಗುರುತಾದ ಸ್ಥಿತಿಗಳ ಸಂಖ್ಯೆಯನ್ನು ಕೂಡಿಸಿದಾಗ ಮೊತ್ತ ದೊಡ್ಡದಾದಷ್ಟೂ ಕೇಡು.

ಪಾತ್ರಮಾದರಿಗಳು

ಮೂಲ ಪುಸ್ತಕದಲ್ಲಿ ಹತ್ತು ಪ್ಲೇಬುಕ್‌ಗಳಿವೆ. ಅವು ಶಕ್ತಿಯ ಬಗೆಗಳಿಗಿಂತ ಬಿಕ್ಕಟ್ಟಿನ ಬಗೆಗಳೆನ್ನುವುದೇ ಸರಿ. ಜೇನಸ್‌ಗೆ ಎರಡು ಬಾಳು, ಡೂಮ್ಡ್‌ಗೆ ಬೆನ್ನಟ್ಟುವ ವಿಧಿ, ಲೆಗಸಿಗೆ ಮನೆತನದ ಹೆಸರಿನ ಹೊರೆ. ಪ್ರೋಟೆಜೆಯ ಗುರು ಒಂದು ಲೇಬಲ್ಲಿನ ಮೂರ್ತಿಯಾಗಿದ್ದು ಇನ್ನೊಂದನ್ನು ನಿರಾಕರಿಸುತ್ತಾನೆ. ಮುಂದೆ ಹ್ಯಾಲ್ಸಿಯನ್ ಸಿಟಿ ಹೆರಾಲ್ಡ್ ಕಲೆಕ್ಷನ್, ಅನ್‌ಬೌಂಡ್ ಮುಂತಾದ ಪೂರಕ ಸಂಪುಟಗಳು ಬಂದವು.

ಹಗುರ ನಿಯಮದ ಆಟವೆಂದು ಇದನ್ನು ಕರೆಯುವುದು ಚಾಂಪಿಯನ್ಸ್‌ಗೆ ಹೋಲಿಸಿದಾಗ ಒಪ್ಪುವ ಮಾತು. ಒಂದೇ ಪುಟದಲ್ಲಿ ನಿಯಮ ಮುಗಿಯುವ ಆಟಗಳೆದುರು ಇದು ಅಷ್ಟು ಹಗುರವಲ್ಲ.

ಬೆಳವಣಿಗೆ

ಪ್ರತಿ ಸೋಲಿಗೂ ಒಂದು ಗುರುತು. ಐದು ಗುರುತು ಕೂಡಿದರೆ ಪಾತ್ರ ಒಂದು ಹೆಜ್ಜೆ ಬೆಳೆಯುತ್ತದೆ. ಸಾಕಷ್ಟು ಹೆಜ್ಜೆಗಳಾದ ಮೇಲೆ ವಯಸ್ಕರ ನಡೆಗಳನ್ನು ಕಲಿಯಬಹುದು, ವೀರಬಾಳಿನಿಂದ ನಿವೃತ್ತಿಯನ್ನೂ ಪಡೆಯಬಹುದು. ಇನ್ನೊಂದು ಆಯ್ಕೆಯೂ ಇದೆ: ಒಂದು ಲೇಬಲ್ಲಿಗೆ ಬೀಗ ಹಾಕುವುದು. ಅಲ್ಲಿಂದಾಚೆಗೆ ಆ ಅಂಕವನ್ನು ಯಾರ ಮಾತೂ ಅಲುಗಿಸಲಾರದು.