ಬಳೆಯ ಅಳತೆ, ಮಹಾವೀರನ ಲೆಕ್ಕ

ಚನ್ನಪಟ್ಟಣದಲ್ಲಿ ಆಲೆ ಮರದ ಬಣ್ಣದ ಬಳೆ ಕೊಳ್ಳುವಾಗ ನಾವು ‘2–4 ಕೊಡಿ’, ‘2–6 ಕೊಡಿ’ ಎನ್ನುತ್ತೇವೆ. ಆ ಅಂಕಿಯ ಅರ್ಥ ಕೇಳಿಕೊಂಡವರು ಕಡಿಮೆ. 2–4 ಎಂದರೆ ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರನೆಯ ನಾಲ್ಕು ಭಾಗ. ಒಟ್ಟು ಎರಡೂಕಾಲು ಇಂಚು. ಅದು ಬಳೆಯ ಒಳಗಿನ ವ್ಯಾಸ. ಒಳಸುತ್ತಿಗೆ ದಾರ ಹಿಡಿದು ಅಳೆದರೆ ಏಳು ಇಂಚಿಗಿಂತ ಒಂದು ಚೂರು ಹೆಚ್ಚು ಬರುತ್ತದೆ. ಅದು ಪರಿಧಿ. ಮಗುವಿನ ಬಳೆಯಾಗಲಿ, ಎತ್ತಿನ ಗಾಡಿಯ ಚಕ್ರವಾಗಲಿ, ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಸಿಗುವುದು ಒಂದೇ ಸಂಖ್ಯೆ, ಮೂರಕ್ಕಿಂತ ಸ್ವಲ್ಪ ಹೆಚ್ಚು. ಅದೇ ಪೈ. ನಡುವಿನಿಂದ ಅಂಚಿನವರೆಗಿನ ತ್ರಿಜ್ಯ ವ್ಯಾಸದ ಅರ್ಧವಾದ್ದರಿಂದ, ಪರಿಧಿ ತ್ರಿಜ್ಯದ ಆರು ಪಟ್ಟಿಗಿಂತ ತುಸು ಹೆಚ್ಚು.

ಆ ‘ಸ್ವಲ್ಪ’ ಎಷ್ಟೆಂದು ತಿಳಿಯಲು ನಮ್ಮ ಹಿರಿಯರು ಬಹಳ ಶ್ರಮಪಟ್ಟರು. ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ, ವ್ಯಾಸ 20,000 ಇದ್ದರೆ ಪರಿಧಿ ಸುಮಾರು 62,832 ಎಂದ. ಅಂದರೆ 3.1416. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅವನು ವೃತ್ತಕ್ಕೆ ಎರಡು ಲೆಕ್ಕ ಹೇಳಿದ: ಅಂದಾಜಿಗೆ 3, ಸೂಕ್ಷ್ಮಕ್ಕೆ 10ರ ವರ್ಗಮೂಲ, ಅಂದರೆ 3.162. ಇದು ಆರ್ಯಭಟನ ಬೆಲೆಯಷ್ಟು ನಿಖರವಲ್ಲ, ನಿಜ. ಆದರೂ ಹತ್ತು ಸೆಂಟಿಮೀಟರ್ ಅಗಲದ ತಟ್ಟೆಯ ಸುತ್ತಳತೆಯಲ್ಲಿ ತಪ್ಪುವುದು ಎರಡೇ ಮಿಲಿಮೀಟರ್. ಬರೀ 3 ಹಿಡಿದರೆ ಹದಿನಾಲ್ಕು ಮಿಲಿಮೀಟರ್ ಕಡಿಮೆಯಾಗುತ್ತದೆ. ಅನ್ನಕ್ಕೆ ನೀರನ್ನು ಕಣ್ಣಂದಾಜಿನಲ್ಲಿ ಇಟ್ಟು, ಮೈಸೂರು ಪಾಕಿಗೆ ಮಾತ್ರ ಅಳೆದು ಹಾಕುವ ನಮಗೆ ಈ ಎರಡು ಬಗೆಯ ಲೆಕ್ಕ ಹೊಸದೇನಲ್ಲ.

ಆ ಗ್ರಂಥದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಆರಂಭ. ಗಣಿತ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಮಾಡುತ್ತಾ ಮಹಾವೀರಾಚಾರ್ಯ ಸಂಗೀತ, ನಾಟಕ, ವೈದ್ಯ, ವಾಸ್ತುವಿದ್ಯೆಗಳ ಜೊತೆಗೆ ಅಡುಗೆಯನ್ನೂ ಸೇರಿಸುತ್ತಾನೆ. ‘ನಾಳೆ ಒಲೆ ಮುಂದೆ ನಿಲ್ಲುವವಳಿಗೆ ಲೆಕ್ಕ ಯಾಕೆ, ಹೇಗೋ ಪಾಸಾದರೆ ಸಾಕು’ ಎಂದು ಹೆಣ್ಣುಮಕ್ಕಳ ಎದುರಿಗೇ ಹೇಳುವ ಮನೆಗಳನ್ನು ನಾನು ಕಂಡಿದ್ದೇನೆ. ಆ ಮಾತು ಕೇಳಿಯೇ ಎಷ್ಟೋ ಜಾಣೆಯರು ಎಸ್ಸೆಸ್ಸೆಲ್ಸಿ ಆದಮೇಲೆ ಗಣಿತದ ಕಡೆ ತಿರುಗಿ ನೋಡುವುದಿಲ್ಲ. ಅಂಥವರಿಗೆ ಸಾವಿರ ವರ್ಷಕ್ಕೂ ಹಿಂದೆ ನಮ್ಮ ನಾಡಿನಲ್ಲೇ ಉತ್ತರ ಬರೆದಿಟ್ಟಾಗಿದೆ.

ನಿಮ್ಮ ಮಗಳ ಕೈಗೆ ಒಂದು 2–8 ಬಳೆ, ಒಂದು ದಾರ, ಒಂದು ಅಡಿಕೋಲು ಕೊಡಿ. ದಾರ ಎಂಟು ಇಂಚಿಗೆ ಚೂರು ಕಡಿಮೆ ಬಂದರೆ, ಎರಡೂವರೆಯಿಂದ ಭಾಗಿಸಲು ಹೇಳಿ. ಉಳಿದದ್ದನ್ನು ಅವಳೇ ನಿಮಗೆ ಹೇಳಿಕೊಡುತ್ತಾಳೆ.